ಉಂಡ ಮನೆಯ ಜಂತಿ ಎಣಿಸಬಹುದೇ?

ಪರದೇಶದ ನಗರದಲ್ಲಿ ಹತ್ತಾರು ವರ್ಷ ದುಡಿದು ಊರಿಗೆ ಮರಳಿದವರ ಮಾತಿನಲ್ಲಿ ಆ ನಗರಕ್ಕೆ ಸಾಮಾನ್ಯವಾಗಿ ಎರಡೇ ರೂಪ. ಒಂದೋ ಅದು ಸ್ವರ್ಗ: ನಡುರಾತ್ರಿಯಲ್ಲೂ ಹೆಂಗಸೊಬ್ಬಳು ಒಂಟಿಯಾಗಿ ನಡೆದು ಹೋಗಬಹುದಾದ ಬೀದಿ, ಎಂದೂ ಹೋಗದ ಕರೆಂಟು, ಕೈ ಚಾಚದ ಗುಮಾಸ್ತ. ಇಲ್ಲವೇ ಅದು ಸೆರೆಮನೆ: ಒಂದು ಕೋಣೆಗೆ ಹನ್ನೆರಡು ಮಂದಿ, ಮಾಲಿಕನ ಕಪಾಟಿನಲ್ಲಿ ಬೀಗ ಬಿದ್ದ ಪಾಸ್‌ಪೋರ್ಟು, ತಾಯಿಯ ಮುಖ ಕಾಣದೆ ಕಳೆದ ಹಬ್ಬಗಳು. ವಿಚಿತ್ರವೆಂದರೆ ಈ ಎರಡೂ ಮಾತುಗಳು ಒಬ್ಬನ ಬಾಯಲ್ಲೇ ಬರುತ್ತವೆ. ಸಂಬಂಧ ಬೆಳೆಸಲು ಬಂದವರ ಮುಂದೆ ಸ್ವರ್ಗ, ಪಾಲು ಕೇಳಲು ಬಂದ ಅಣ್ಣತಮ್ಮಂದಿರ ಮುಂದೆ ಸೆರೆಮನೆ.

ಇದನ್ನು ಕೇಳಿ ನಕ್ಕುಬಿಡುವುದು ಸುಲಭ. ಆದರೆ ಇದರ ಹಿಂದೆ ಗಂಭೀರವಾದ ಪ್ರಶ್ನೆಯೊಂದಿದೆ. ಅನ್ನ ಕೊಟ್ಟ ಪರಊರಿನ ಬಗ್ಗೆ ನಾವು ಏನನ್ನು ಹೇಳಬೇಕು? ಎಷ್ಟನ್ನು ಹೇಳಬೇಕು? ನಮ್ಮ ಹಿರಿಯರು ಇದಕ್ಕೆ ಎರಡು ಗಾದೆಗಳನ್ನು ಬಿಟ್ಟು ಹೋಗಿದ್ದಾರೆ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬುದೊಂದು. ಉಂಡ ಮನೆಯ ಜಂತಿ ಎಣಿಸಬೇಡ ಎಂಬುದು ಇನ್ನೊಂದು. ಮಣ್ಣಿನ ಮಾಳಿಗೆಯ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿರುವ ನಮ್ಮ ಸಿರಿಗೇರಿ ಸೀಮೆಯಲ್ಲಿ ಜಂತಿ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಊಟ ಹಾಕಿದವನ ಮನೆಯಲ್ಲಿ ಅಂಗಾತ ಮಲಗಿ ಮೇಲೆ ಎಷ್ಟು ತೊಲೆ, ಎಷ್ಟು ಜಂತಿ, ಅದರಲ್ಲಿ ಎಷ್ಟಕ್ಕೆ ಗೆದ್ದಲು ಹಿಡಿದಿದೆ ಎಂದು ಲೆಕ್ಕ ಹಾಕುವವನನ್ನು ಊರು ಮೆಚ್ಚುವುದಿಲ್ಲ.

ಎರಡು ಗಾದೆಗಳೂ ಒಂದೇ ಮಾತನ್ನು ಹೇಳುವಂತೆ ಕಾಣುತ್ತವೆ. ಸ್ವಲ್ಪ ನಿಂತು ನೋಡಿದರೆ ಹಾಗಿಲ್ಲ. ಮೊದಲನೆಯದು ನೆನಪಿಡು ಎನ್ನುತ್ತದೆ. ಎರಡನೆಯದು ಲೆಕ್ಕ ಇಡಬೇಡ ಎನ್ನುತ್ತದೆ. ಲೆಕ್ಕವಿಲ್ಲದ ನೆನಪು ಎಂಥ ನೆನಪು?

ಮೊದಲು ಒಂದು ಪದದ ಬಗ್ಗೆ ಹೇಳಬೇಕು. ಬಳ್ಳಾರಿ, ರಾಯಚೂರು ಕಡೆ ಮಳೆ ಕೈಕೊಟ್ಟ ವರ್ಷ ಮಕ್ಕಳುಮರಿ, ಪಾತ್ರೆಪಗಡೆಗಳನ್ನು ಕಟ್ಟಿಕೊಂಡು ಬೆಂಗಳೂರಿಗೋ ಮುಂಬೈಗೋ ದುಡಿಯಲು ಹೋಗುವುದಕ್ಕೆ ಗುಳೆ ಎನ್ನುತ್ತಾರೆ. ಆ ಪದದಲ್ಲಿ ಹಸಿವಿದೆ, ಸ್ವಲ್ಪ ನಾಚಿಕೆಯೂ ಇದೆ. ಆದರೆ ಅದೇ ಊರಿನ ಹುಡುಗ ಸಾಲ ಮಾಡಿ, ವಿಮಾನ ಹತ್ತಿ, ದುಬೈಯಲ್ಲಿ ಕಬ್ಬಿಣ ಕಟ್ಟುವ ಕೆಲಸಕ್ಕೆ ಸೇರಿದರೆ ಅವನು ಗುಳೆ ಹೋದನೆಂದು ಯಾರೂ ಹೇಳುವುದಿಲ್ಲ. ಫಾರಿನ್ನಿಗೆ ಹೋದ ಎನ್ನುತ್ತಾರೆ. ಹೋದ ಕಾರಣ ಒಂದೇ, ಮಾಡುವ ಕೆಲಸವೂ ಹೆಚ್ಚುಕಡಿಮೆ ಒಂದೇ. ವಾಹನ ಬದಲಾದ ಕೂಡಲೇ ಪದವೂ ಬದಲಾಯಿತು. ಕರಾವಳಿಯವರಿಗೆ ಕೊಲ್ಲಿಯ ದಾರಿ ಹಳೆಯದು. ಅಲ್ಲಿ ಅಜ್ಜ, ಮಗ, ಮೊಮ್ಮಗ ಮೂವರೂ ಅದೇ ದಾರಿ ತುಳಿದ ಮನೆಗಳಿವೆ. ನಮ್ಮ ಬಯಲುಸೀಮೆಗೆ ಅದು ಹೊಸತು. ಆದುದರಿಂದಲೇ ಏನೋ, ಅದರ ಸುತ್ತ ಕಟ್ಟಿಕೊಂಡ ಸುಳ್ಳುಗಳೂ ಇಲ್ಲಿ ಹಸಿಯಾಗಿಯೇ ಇವೆ.

ಗಾದೆಗೆ ಮರಳೋಣ. ಉಂಡ ಮನೆ ಎನ್ನುತ್ತದೆ ಗಾದೆ. ನಾವು ಅಲ್ಲಿ ಉಂಡೆವೋ ಅಥವಾ ದುಡಿದೆವೋ? ಅತಿಥಿಗೆ ಒಂದು ಧರ್ಮ, ಕೂಲಿಯವನಿಗೆ ಇನ್ನೊಂದು. ಅತಿಥಿಗೆ ಸಿಕ್ಕಿದ್ದು ದಾನ, ಅದಕ್ಕೆ ಕೃತಜ್ಞತೆ ಸಲ್ಲಬೇಕು. ಕೂಲಿಯವನಿಗೆ ಸಿಕ್ಕಿದ್ದು ಬೆವರಿನ ಬೆಲೆ, ಅದಕ್ಕೆ ಅವನು ಯಾರ ಮುಂದೆಯೂ ತಲೆ ಬಗ್ಗಿಸಬೇಕಾಗಿಲ್ಲ. ಸಂಬಳ ಕೊಟ್ಟವನು ತಾನು ಉಪಕಾರ ಮಾಡಿದೆನೆಂದುಕೊಳ್ಳುವುದು, ಪಡೆದವನೂ ಹಾಗೆಯೇ ನಂಬಿಬಿಡುವುದು, ಇವೆರಡೂ ಲೆಕ್ಕ ತಪ್ಪಿದ್ದೇ. ಬುರ್ಜ್ ಖಲೀಫಾದ ಎತ್ತರ 828 ಮೀಟರ್. 2010ರ ಜನವರಿ 4ರಂದು ಅದು ಉದ್ಘಾಟನೆಯಾಯಿತು. ಕಟ್ಟುವಷ್ಟೂ ಕಾಲ ಅದರ ಹೆಸರು ಬುರ್ಜ್ ದುಬೈ; ಹಣಕಾಸಿನ ಬಿಕ್ಕಟ್ಟಿನಲ್ಲಿ ಕೈಹಿಡಿದ ಅಬುಧಾಬಿಯ ದೊರೆಯ ಹೆಸರು ಅದಕ್ಕೆ ಬಂದದ್ದು ಆ ಸಂಜೆ. ಕೆಲಸ ಭರದಿಂದ ಸಾಗಿದ್ದಾಗ ದಿನಕ್ಕೆ 12,000 ಮಂದಿ ಅಲ್ಲಿ ದುಡಿಯುತ್ತಿದ್ದರು. ಅವರಲ್ಲಿ ಹೆಚ್ಚಿನವರು ನಮ್ಮ ಉಪಖಂಡದವರು. ಯಾರು ಯಾರ ಮನೆಯಲ್ಲಿ ಉಂಡರು?

ಹಾಗೆಂದು ಇಡೀ ವಿಷಯವನ್ನು ಕೂಲಿಯ ಲೆಕ್ಕದಲ್ಲಿ ಮುಗಿಸಿಬಿಡುವುದೂ ಪ್ರಾಮಾಣಿಕತೆಯಲ್ಲ. ಸಂಬಳದ ಚೀಟಿಯಲ್ಲಿ ಇಲ್ಲದ ಎಷ್ಟೋ ಸಂಗತಿಗಳನ್ನು ಆ ನಗರ ನಮಗೆ ಕೊಟ್ಟಿದೆ. ದುಬೈಯ ನಡುವೆ ಹರಿದಂತಿರುವ ಉಪ್ಪುನೀರಿನ ಖೋರ್ ಇದೆಯಲ್ಲ, ದೇರಾದಿಂದ ಬರ್ ದುಬೈಗೆ ಅದನ್ನು ದಾಟಿಸುವ ಮರದ ದೋಣಿಗೆ ಅಬ್ರಾ ಎನ್ನುತ್ತಾರೆ. ಒಂದು ದಿರ್ಹಮ್ ಕೊಟ್ಟರೆ ಆಯಿತು. ನಡುವಿನ ಹಲಗೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕುಳಿತುಕೊಳ್ಳಬೇಕು. ಬ್ಯಾಂಕಿನ ಮೇನೇಜರ್, ಮೂಟೆ ಹೊರುವ ಪಠಾಣ, ಫಿಲಿಪ್ಪೀನಿನ ದಾದಿ, ತೆಲುಗಿನ ಗಾರೆ ಕೆಲಸದವನು, ಎಲ್ಲರಿಗೂ ಅದೇ ಹಲಗೆ. ನಮ್ಮ ಕಡೆಯ ಹಳ್ಳಿಯ ಚಹಾದಂಗಡಿಯಲ್ಲಿ ಬೇರೆ ಲೋಟ ಹಿಡಿದು ಹೊರಗೆ ನಿಂತವರ ಮಗನೊಬ್ಬ ಮೊದಲ ಬಾರಿ ಆ ಹಲಗೆಯ ಮೇಲೆ ಕುಳಿತಾಗ ಅವನಿಗಾದದ್ದೇನು ಎಂಬುದನ್ನು ಸಂಬಳದಲ್ಲಿ ಅಳೆಯಲಾಗದು. ನಿನ್ನ ಕುಲ ಯಾವುದು ಎಂದು ಅವನನ್ನು ಅಲ್ಲಿ ಯಾರೂ ಕೇಳಲಿಲ್ಲ. ಗಡಿಯಲ್ಲಿ ಎರಡು ದೇಶಗಳು ಬಂದೂಕು ಹಿಡಿದು ನಿಂತಿರುವಾಗ ಪೇಶಾವರದ ಟ್ಯಾಕ್ಸಿ ಚಾಲಕನೊಬ್ಬ ನಮ್ಮೂರಿನವನ ಜ್ವರಕ್ಕೆ ಔಷಧಿ ತಂದುಕೊಟ್ಟದ್ದೂ ಅದೇ ನಗರದಲ್ಲಿ. ರಮಝಾನಿನ ಸಂಜೆ ಮಸೀದಿಯ ಪಕ್ಕದ ಡೇರೆಯಲ್ಲಿ ಹಾಸಿದ ಉದ್ದನೆಯ ಪ್ಲಾಸ್ಟಿಕ್ ಹಾಳೆಯ ಮುಂದೆ ಸಾಲಾಗಿ ಕುಳಿತವರಲ್ಲಿ ಉಪವಾಸವಿಲ್ಲದ, ಬೇರೆ ಧರ್ಮದ ಹಸಿದವರೂ ಇರುತ್ತಿದ್ದರು. ತಟ್ಟೆ ಇಡುವವನು ವಿಚಾರಿಸುತ್ತಿರಲಿಲ್ಲ. ಇದು ಋಣವೇ ಸರಿ.

ಆದರೆ ಅದೇ ನಗರಕ್ಕೆ ಅದರದೇ ಆದ ಮೆಟ್ಟಿಲುಗಳೂ ಇದ್ದವು. ಕುಲ ಕೇಳದ ಊರು ಪಾಸ್‌ಪೋರ್ಟ್ ಕೇಳುತ್ತಿತ್ತು. ಒಂದೇ ಕೆಲಸಕ್ಕೆ ಒಂದು ದೇಶದವನಿಗೆ ಒಂದು ಸಂಬಳ, ಇನ್ನೊಂದು ದೇಶದವನಿಗೆ ಅದರ ಮೂರನೆಯ ಒಂದು ಪಾಲು. ಕೆಲಸ ಕೊಟ್ಟವನೇ ವಾಸಕ್ಕೂ ಜಾಮೀನುದಾರನಾಗಿರುವ ಕಫಾಲಾ ಪದ್ಧತಿಯಲ್ಲಿ ಮಾಲಿಕನೊಡನೆ ಜಗಳವಾದರೆ ದೇಶವನ್ನೇ ಬಿಡಬೇಕಾದ ಸ್ಥಿತಿ. ಈಗೀಗ ನಿಯಮಗಳು ಸಡಿಲವಾಗಿವೆ. ಪಾಸ್‌ಪೋರ್ಟನ್ನು ಕಂಪೆನಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಆದರೂ ನಾವು ದುಡಿದ ಕಡೆ ಅದು ಕಪಾಟಿನಲ್ಲೇ ಇತ್ತು. ಕೇಳಿದವನಿಗೆ ಯಾಕೆ ಎಂಬ ಪ್ರಶ್ನೆ ಮೊದಲು ಎದುರಾಗುತ್ತಿತ್ತು. ದುಡಿಯುವವರ ಸಂಘಕ್ಕೆ, ಮುಷ್ಕರಕ್ಕೆ ಅಲ್ಲಿ ಅವಕಾಶವಿಲ್ಲ. ಮೂವತ್ತು ನಲ್ವತ್ತು ವರ್ಷ ಬದುಕಿದರೂ ಆ ಊರು ನಿಮ್ಮದಾಗುವುದಿಲ್ಲ. 2019ರಲ್ಲಿ ಸುವರ್ಣ ವೀಸಾ ಎಂಬುದು ಬಂತು. ಹಣ ಹೂಡಿದವರಿಗೆ, ದೊಡ್ಡ ವೈದ್ಯರಿಗೆ, ವಿಜ್ಞಾನಿಗಳಿಗೆ ದೀರ್ಘ ಕಾಲದ ವಾಸ ದೊರಕಿತು. ಗೋಪುರಕ್ಕೆ ಕಬ್ಬಿಣ ಕಟ್ಟಿದವನು ಆ ಪಟ್ಟಿಯಲ್ಲಿಲ್ಲ.

ಹೀಗೆ ಋಣದ ಲೆಕ್ಕ ಬೇರೆ, ಕೂಲಿಯ ಲೆಕ್ಕ ಬೇರೆ, ಅನ್ಯಾಯದ ಲೆಕ್ಕ ಬೇರೆ. ಒಂದರಿಂದ ಇನ್ನೊಂದನ್ನು ಕಳೆಯುವುದೇ ನಮ್ಮ ನೆನಪುಗಳ ದೊಡ್ಡ ದೋಷವೆಂದು ತೋರುತ್ತದೆ. ಔಷಧಿ ತಂದುಕೊಟ್ಟ ಪಠಾಣನ ಪ್ರೀತಿ ಕಪಾಟಿನ ಪಾಸ್‌ಪೋರ್ಟಿಗೆ ಸಮರ್ಥನೆಯಾಗುವುದಿಲ್ಲ. ಕಪಾಟಿನ ಪಾಸ್‌ಪೋರ್ಟು ಆ ಔಷಧಿಯನ್ನು ಸುಳ್ಳಾಗಿಸುವುದೂ ಇಲ್ಲ.

ಆದರೂ ಒಳ್ಳೆಯದನ್ನಷ್ಟೇ ಹೇಳಿದರೆ ಯಾರಿಗೆ ನಷ್ಟ ಎಂದು ಕೆಲವರು ಕೇಳುತ್ತಾರೆ. ನಷ್ಟವಿದೆ, ಅದೂ ರೂಪಾಯಿಯಲ್ಲಿ. ಮೊಬೈಲ್ ಬರುವ ಮುಂಚೆ ಕೊಲ್ಲಿಯಿಂದ ಮನೆಗೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸುವ ರೂಢಿಯಿತ್ತು. ಅದರಲ್ಲಿ ತಾಯಿಗೆ ಹೇಳುತ್ತಿದ್ದುದು ಒಂದೇ ಮಾತು: ನಾನಿಲ್ಲಿ ಆರಾಮ ಇದ್ದೇನವ್ವಾ. ಕಾರಿಗೆ ಒರಗಿ ನಿಂತ ಫೋಟೋದಲ್ಲಿ ಕಾರು ಬೇರೆ ಯಾರದೋ. ತಾಯಿಯ ನೆಮ್ಮದಿಗಾಗಿ ಆಡಿದ ಆ ಸುಳ್ಳನ್ನು ಯಾರು ತಾನೇ ಖಂಡಿಸಲು ಸಾಧ್ಯ? ಆದರೆ ಆ ಕ್ಯಾಸೆಟ್ಟನ್ನು ತಾಯಿಯೊಬ್ಬಳೇ ಕೇಳುತ್ತಿರಲಿಲ್ಲ. ಪಕ್ಕದ ಮನೆಯ ಹದಿನೆಂಟರ ಹುಡುಗನೂ ಕೇಳುತ್ತಿದ್ದ. ಅವನ ಅಪ್ಪ ಎರಡು ಎಕರೆ ಒತ್ತೆ ಇಟ್ಟು ಏಜೆಂಟನ ಕೈಗೆ ಹಣ ಕೊಟ್ಟದ್ದು ಆ ಮಾತನ್ನು ನಂಬಿ. 1983ರ ವಲಸೆ ಕಾಯ್ದೆಯ ನಿಯಮಗಳಲ್ಲಿ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ತೆರಿಗೆಯ ಮಿತಿ ಹಾಕಲಾಗಿತ್ತು. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಕೊಲ್ಲಿ ದೇಶಗಳಿಗೆ ಹೋಗುವ ಮುನ್ನ ವಲಸೆ ಇಲಾಖೆಯ ಅನುಮತಿ ಬೇಕೆಂದು ಇಟ್ಟದ್ದೂ ಅವರು ಮೋಸ ಹೋಗದಿರಲೆಂದೇ. ಇದನ್ನೆಲ್ಲ ಅಲ್ಲಿಂದ ಬಂದವರಲ್ಲದೆ ಮತ್ತಾರು ಹೇಳಬೇಕು? ನೆನಪು ನಮ್ಮ ಸ್ವಂತ ಆಸ್ತಿಯೆಂದು ನಾವು ತಿಳಿಯುತ್ತೇವೆ. ಅದು ಇನ್ನೊಬ್ಬನ ದಾರಿಬುತ್ತಿಯೂ ಆಗುತ್ತದೆ.

ಪರದೇಶಿಯ ನೆನಪಿನ ಬೆಲೆ ಏನೆಂದು ತಿಳಿಯಲು ನಾವು ದುಬೈವರೆಗೆ ಹೋಗಬೇಕಾಗಿಯೂ ಇಲ್ಲ. ಸಿರಿಗೇರಿಯಿಂದ ಒಂದೂವರೆ ಎರಡು ತಾಸಿನ ದಾರಿಯಲ್ಲಿ ಹಂಪಿ ಇದೆ. 2021ರಲ್ಲಿ ವಿಜಯನಗರ ಜಿಲ್ಲೆಯಾಗುವವರೆಗೆ ಅದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆ ನಗರ ಜೀವಂತವಾಗಿದ್ದಾಗ ಹೇಗಿತ್ತು ಎಂದು ನಮಗೆ ಹೇಳಿದವರಲ್ಲಿ ಬಹುಪಾಲು ಪರದೇಶದವರೇ. 1443ರಲ್ಲಿ ಇಮ್ಮಡಿ ದೇವರಾಯನ ಕಾಲದಲ್ಲಿ, ಹೆರಾತಿನ ಶಾರುಖ್ ದೊರೆಯ ರಾಯಭಾರಿಯಾಗಿ ಅಬ್ದುರ್ರಝಾಕ್ ಇಲ್ಲಿಗೆ ಬಂದ. ಅವನದು ಸುಖದ ಪ್ರಯಾಣವಲ್ಲ. ಸಮುದ್ರ ಕಂಡರೆ ಅವನಿಗೆ ಭಯ. ದಾರಿಯಲ್ಲೇ ಅಣ್ಣನನ್ನು ಕಳೆದುಕೊಂಡಿದ್ದ. ಮೊದಲು ಕಾಲಿಟ್ಟ ಕಲ್ಲಿಕೋಟೆ ಅವನಿಗೆ ಹಿಡಿಸಲಿಲ್ಲ, ಅಲ್ಲಿಯ ಜನರ ಉಡುಗೆ ತೊಡುಗೆಯ ಬಗ್ಗೆ ತಿರಸ್ಕಾರದಿಂದಲೇ ಬರೆದ. ಆದರೆ ಅದೇ ಪುಟಗಳಲ್ಲಿ, ಆ ಬಂದರಿನಲ್ಲಿ ಎಂಥ ನ್ಯಾಯವಿದೆಯೆಂದರೆ ವ್ಯಾಪಾರಿಗಳು ತಮ್ಮ ಸರಕನ್ನು ಬೀದಿಯಲ್ಲಿ ಇಳಿಸಿ ಕಾವಲಿಲ್ಲದೆ ಬಿಟ್ಟುಹೋಗಬಹುದು, ಸುಂಕದವರೇ ಅದನ್ನು ಕಾಯುತ್ತಾರೆ, ಮಾರಾಟವಾದರೆ ನಲ್ವತ್ತರಲ್ಲಿ ಒಂದು ಪಾಲಷ್ಟೇ ಸುಂಕ ಎಂದೂ ದಾಖಲಿಸಿದ. ಇಷ್ಟವಾಗದ ಊರಿಗೂ ಅವನು ಅದರ ಪಾಲಿನ ನ್ಯಾಯವನ್ನು ಸಲ್ಲಿಸಿದ್ದಾನೆ.

ವಿಜಯನಗರ ಅವನಿಗೆ ಬಹಳ ಇಷ್ಟವಾಯಿತು. ಒಂದರೊಳಗೊಂದು ಏಳು ಸುತ್ತಿನ ಕೋಟೆ, ಬಯಲಲ್ಲೇ ಮುತ್ತು ಮಾಣಿಕ್ಯ ಹರವಿ ಕುಳಿತ ವ್ಯಾಪಾರಿಗಳು, ಊಟದಷ್ಟೇ ಅಗತ್ಯವೆಂಬಂತೆ ಜನ ಕೊಳ್ಳುವ ಗುಲಾಬಿ, ತಾಂಬೂಲದ ಗುಣ, ಮಹಾನವಮಿಯ ವೈಭವ, ಎಲ್ಲವನ್ನೂ ಬೆರಗಿನಿಂದ ಬರೆದ. ಅರಸನ ಕಡೆಯಿಂದ ತನಗೆ ದಿನಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಎರಡು ವರಹ ಬರುತ್ತಿದ್ದುದನ್ನು ಮರೆಯದೆ ನಮೂದಿಸಿದ. ಹೊರ್ಮುಝಿನ ವ್ಯಾಪಾರಿಗಳು ಇವನು ನಿಜವಾದ ರಾಯಭಾರಿಯೇ ಅಲ್ಲವೆಂದು ಚಾಡಿ ಹೇಳಿದ ಮೇಲೆ ಆ ಸತ್ಕಾರ ನಿಂತುಹೋದದ್ದನ್ನೂ ನಮೂದಿಸಿದ. ಉಂಡ ಮನೆಯ ಜಂತಿಯನ್ನು ಅವನು ಎಣಿಸಿದ್ದಾನೆ, ನಿಜ. ಆದರೆ ಆ ಎಣಿಕೆಯಿಲ್ಲದಿದ್ದರೆ ಇಂದು ಕಲ್ಲಿನ ಮಂಟಪಗಳ ನಡುವೆ ನಿಂತ ನಮಗೆ ಆ ಬೀದಿಯಲ್ಲಿ ಗುಲಾಬಿ ಮಾರುತ್ತಿದ್ದರೆಂದು ತಿಳಿಯುತ್ತಿತ್ತೇ?

ಇನ್ನೊಬ್ಬ ಪೋರ್ಚುಗೀಸ್ ಡೊಮಿಂಗೊ ಪಾಯೆಸ್. 1520ರ ಸುಮಾರಿಗೆ, ಕೃಷ್ಣದೇವರಾಯನ ಆಳ್ವಿಕೆಯಲ್ಲಿ ಬಂದವನು. ಅರಸ ಕಟ್ಟಿಸುತ್ತಿದ್ದ ದೊಡ್ಡ ಕೆರೆಯೊಂದನ್ನು ಅವನು ನೋಡಿದ. ಹದಿನೈದು ಇಪ್ಪತ್ತು ಸಾವಿರ ಮಂದಿ ಇರುವೆಗಳಂತೆ ಮುತ್ತಿಕೊಂಡು, ಕಾಲ ಕೆಳಗಿನ ನೆಲವೇ ಕಾಣದಂತೆ ದುಡಿಯುತ್ತಿದ್ದರೆಂದು ಬರೆದಿಟ್ಟ. ಆ ಕೆರೆ ಮತ್ತೆ ಮತ್ತೆ ಒಡೆದಾಗ ನರಬಲಿ ಕೊಡಲಾಯಿತೆಂದೂ ಬರೆದಿದ್ದಾನೆ. ಕಂಡದ್ದನ್ನೂ ಕೇಳಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಅದನ್ನು ಓದುವಾಗ ಎಚ್ಚರ ಬೇಕು. ಆದರೆ ಆ ಇರುವೆಗಳನ್ನು ಅವನು ಕಣ್ಣಾರೆ ಕಂಡಿದ್ದ. ಶಾಸನಗಳು ಕೆರೆ ಕಟ್ಟಿಸಿದವರ ಹೆಸರನ್ನು ಕೆತ್ತುತ್ತವೆ. ಕಟ್ಟಿದವರು ಕಾಣಿಸಿದ್ದು, ಇರುವೆಗಳ ರೂಪದಲ್ಲಾದರೂ, ಪರದೇಶಿಯೊಬ್ಬನ ಕಣ್ಣಿಗೆ. ಅವನ ಬರಹ ಶತಮಾನಗಳ ಕಾಲ ಹಸ್ತಪ್ರತಿಯಾಗಿಯೇ ಉಳಿದು, 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಗಿ, ರಾಬರ್ಟ್ ಸಿವೆಲ್ ಅವರ 1900ರ ಪುಸ್ತಕದ ಮೂಲಕ ನಮಗೆ ತಲುಪಿತು. ಸುಮಾರು 380 ವರ್ಷ!

ಹೊನ್ನಾವರದ ಕತೆ ಇದಕ್ಕಿಂತ ಹಳೆಯದು. 14ನೆಯ ಶತಮಾನದ ನಡುಭಾಗದಲ್ಲಿ ಅಲ್ಲಿಗೆ ಬಂದ ಇಬ್ನ್ ಬತೂತಾ ಆ ಪುಟ್ಟ ಬಂದರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದವೆಂದು ಎಣಿಸಿ ಹೇಳಿದ. ಹೆಣ್ಣುಮಕ್ಕಳ ಪಾಠಶಾಲೆಗಳನ್ನು ಬೇರೆಯಾಗಿ ಲೆಕ್ಕ ಹಾಕಬೇಕೆಂದು ಆ ಕಾಲದಲ್ಲಿ ಬೇರೆ ಯಾರಿಗೆ ಹೊಳೆದಿತ್ತು? ಆದರೆ ಅದೇ ಇಬ್ನ್ ಬತೂತಾ ಊರಿಗೆ ಮರಳಿದ ಮೇಲೆ ತನ್ನ ನೆನಪುಗಳನ್ನು ಇನ್ನೊಬ್ಬನಿಗೆ ಹೇಳಿ ಬರೆಸಿದ್ದು. 1355ರಲ್ಲಿ ಮುಗಿದ ಆ ಗ್ರಂಥದಲ್ಲಿ ಮಕ್ಕಾ, ಮದೀನಾ, ಡಮಾಸ್ಕಸ್‌ಗಳ ವರ್ಣನೆಯ ಕೆಲವು ಭಾಗಗಳು ಅವನಿಗಿಂತ ಹಿಂದಿನ ಪ್ರವಾಸಿ ಇಬ್ನ್ ಜುಬೈರನಿಂದ ಎತ್ತಿಕೊಂಡವು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಸ್ವಂತ ಕಣ್ಣು ಮಸುಕಾದ ಕಡೆ ಎರವಲು ಕಣ್ಣು. ಇಂದಿನ ಪ್ರವಾಸ ಕಥನಗಳಲ್ಲೂ, ಕೊಲ್ಲಿಯ ನೆನಪುಗಳಲ್ಲೂ ಈ ಎರವಲು ಧಾರಾಳವಾಗಿದೆ. ಒಬ್ಬ ಅರಬನ ಜೊತೆಗೂ ಹತ್ತು ಮಾತು ಆಡದೆ ಅರಬರ ಸ್ವಭಾವವನ್ನು ವಿವರಿಸುವವರಿದ್ದಾರೆ. ಲೇಬರ್ ಕ್ಯಾಂಪಿನ ಬಾಗಿಲು ದಾಟದೆ, ಕಚೇರಿಯ ತಣ್ಣನೆಯ ಕಿಟಕಿಯಿಂದ ನೀಲಿ ಸಮವಸ್ತ್ರದವರ ಬಸ್ಸನ್ನು ನೋಡಿ, ಅವರ ಬೆವರನ್ನು ತಮ್ಮ ಕಷ್ಟದ ಕತೆಗೆ ಬಳಸಿಕೊಳ್ಳುವವರೂ ಇದ್ದಾರೆ. ಬರೆಯಬಲ್ಲವರು ಬಹುತೇಕ ಕಚೇರಿಯವರು. ಬಿಸಿಲಲ್ಲಿ ನಿಂತವನು ಬರೆಯುವುದಿಲ್ಲ. ಅವನ ಪರವಾಗಿ ಬರೆಯುವುದು ತಪ್ಪಲ್ಲ. ಅವನಾಗಿ ಬರೆಯುವುದರಲ್ಲಿ ಮೋಸವಿದೆ.

ಬಿಸಿಲು ಎಂದಾಗ ನೆನಪಾಯಿತು. ಯುಎಇಯಲ್ಲಿ 2005ರಿಂದ ಬೇಸಿಗೆಯ ನಡುಮಧ್ಯಾಹ್ನ ಬಯಲಿನಲ್ಲಿ ಕೆಲಸ ಮಾಡಿಸುವುದಕ್ಕೆ ನಿಷೇಧವಿದೆ. ಈಗ ಅದು ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ, 12.30ರಿಂದ 3 ಗಂಟೆಯ ತನಕ. ಬಹಳ ತಡವಾಗಿ ಬಂದ ನಿಯಮ ಅದು, ಸಾಲದು ಎನ್ನುವವರೂ ಇದ್ದಾರೆ. ನಮ್ಮಲ್ಲಿ? ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯೂ ಸೇರಿದಂತೆ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ. ಫ್ಯಾನಿನ ಕೆಳಗೆ ಕುಳಿತವರಿಗೆ ಆ ಆದೇಶ. ಖಾಸಗಿ ಹೊಲ, ಇಟ್ಟಿಗೆ ಭಟ್ಟಿ, ಕಟ್ಟಡಗಳಲ್ಲಿ ಬಿಸಿಲಿಗೆ ನಿಂತವರಿಗೆ ಅಂಥದ್ದೇನೂ ಇಲ್ಲ. ದುಬೈಯ ಬಿಸಿಲನ್ನು ನೆನೆದು ಮರುಗುವ ನಾವು ಇದನ್ನು ಎಂದಾದರೂ ಬರೆದಿದ್ದೇವೆಯೇ?

ಹೀಗೆ ಕೇಳಲು ಕಾರಣವಿದೆ. ಸಿರಿಗೇರಿಯೂ ಯಾರಿಗೋ ಪರದೇಶವೇ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಂದು, ಕಾಲುವೆ ಹರಿದು, ಜೋಳ ಹತ್ತಿಯ ನೆಲ ಭತ್ತದ ನೆಲವಾದ ಮೇಲೆ ಸಿರುಗುಪ್ಪ ಸೀಮೆಗೆ ಹೊರಗಿನಿಂದ ಜನ ಬರತೊಡಗಿದರು. ಮೊದಲು ಬಂದವರು ಆಂಧ್ರದ ಕರಾವಳಿಯ ರೈತರು. ನೀರಾವರಿ ಬೇಸಾಯ ಬಲ್ಲವರು, ಕೈಯಲ್ಲಿ ಹಣವಿದ್ದವರು. ಅವರು ನೆಲೆ ನಿಂತ ಜಾಗಗಳಿಗೆ ಕ್ಯಾಂಪು ಎಂದು ಹೆಸರಾಯಿತು. ಎರಡು ಮೂರು ತಲೆಮಾರು ಕಳೆದರೂ ಅವು ಇನ್ನೂ ಕ್ಯಾಂಪುಗಳೇ, ಊರೆನಿಸಿಕೊಂಡಿಲ್ಲ. ಹೊಳೆಯಾಚೆಯ ಸಿಂಧನೂರಿನಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳಿವೆ. 1970ರ ದಶಕದಿಂದ ಅಲ್ಲಿದ್ದಾರೆ. ಪೌರತ್ವದ ಪತ್ರಕ್ಕಾಗಿ ದಶಕಗಟ್ಟಲೆ ಕಾದವರು ಅವರಲ್ಲಿದ್ದಾರೆ. ಈಗ ಅಕ್ಕಿ ಗಿರಣಿಗಳಲ್ಲಿ ಬಿಹಾರದ ಹುಡುಗರು ಮೂಟೆ ಹೊರುತ್ತಾರೆ. ನಾಟಿಯ ಕಾಲಕ್ಕೆ ಒಣಬೇಸಾಯದ ಊರುಗಳಿಂದ ಹೆಂಗಸರ ಗುಂಪುಗಳು ಬರುತ್ತವೆ.

ನಾವು ದುಬೈಯ ಬಗ್ಗೆ ಬರೆದಂತೆ ಇವರಲ್ಲಿ ಒಬ್ಬರು ನಮ್ಮ ಬಗ್ಗೆ ಬರೆದರೆ ಅದರಲ್ಲಿ ಏನಿರಬಹುದು? ಬೆಳಗಿನ ಮಂಡಾಳು ಒಗ್ಗರಣೆ, ಮಿರ್ಚಿಯ ರುಚಿ ಇರಬಹುದು. ಹೆರಿಗೆ ನೋವು ಬಂದ ಕೂಲಿ ಹೆಂಗಸನ್ನು ನಡುರಾತ್ರಿ ಟ್ರ್ಯಾಕ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಿದವರ ಹೆಸರಿರಬಹುದು. ಬಾಡಿಗೆಗೆ ಕೋಣೆ ಕೇಳಿದಾಗ ಮೊದಲು ಜಾತಿ, ನಂತರ ಧರ್ಮ, ಕೊನೆಗೆ ಮುಂಗಡದ ಬಗ್ಗೆ ವಿಚಾರಿಸಿದವರೂ ಇರಬಹುದು. ಅದನ್ನು ಓದಿ ನಮಗೆ ಸಿಟ್ಟು ಬಂದರೆ ಏನನ್ನುತ್ತೇವೆ? ನಮ್ಮ ಅನ್ನ ಉಂಡು ನಮ್ಮ ಜಂತಿ ಎಣಿಸಿದ ಎನ್ನುತ್ತೇವೆ. ನಮ್ಮ ನೆನಪುಗಳನ್ನು ಓದಿದ ಅರಬನೂ ಅದನ್ನೇ ಅನ್ನುವನು. ಹಾಗಾದರೆ ಗಾದೆಯನ್ನು ಇಬ್ಬರಿಗೂ ಹಿಡಿಯಬೇಕು, ಇಲ್ಲವೇ ಇಬ್ಬರಿಗೂ ಬಿಡಬೇಕು. ನಾವು ಬಿಡುವವರ ಪಕ್ಷ. ಜಂತಿಯನ್ನು ಮನೆಯವನು ನೋಡುವುದು ಅದು ಮುರಿದು ಬಿದ್ದಾಗ ಮಾತ್ರ. ಕೆಳಗೆ ನೆಲದ ಮೇಲೆ ಮಲಗಿದವನಿಗೆ ಅದು ರಾತ್ರಿಯಿಡೀ ಕಾಣುತ್ತಿರುತ್ತದೆ.

ನಾಟಿಗೆ ಬಂದ ಗುಂಪುಗಳು ಕಾಲುವೆಯ ಏರಿಯ ಮೇಲೆ ತಾಡಪಾಲಿನ ಗುಡಾರ ಹಾಕಿಕೊಳ್ಳುತ್ತವೆ. ಸಂಜೆ ಮೂರು ಕಲ್ಲಿನ ಒಲೆಗಳ ಹೊಗೆ ಗದ್ದೆಯ ಮೇಲೆ ಹರಡುತ್ತದೆ. ಕೂಲಿ ಎಕರೆಗೆ ಇಷ್ಟು ಎಂದು ಗುತ್ತಿಗೆ. ಜಮೀನುದಾರನ ಪುಸ್ತಕದಲ್ಲಿ ಮೇಸ್ತ್ರಿಯ ಹೆಸರು, ಎಷ್ಟು ಎಕರೆ, ಮುಂಗಡ ಎಷ್ಟು, ಬಾಕಿ ಎಷ್ಟು ಎಂದು ಬರೆದಿರುತ್ತದೆ. ನೀರಲ್ಲಿ ನಿಂತ ಹೆಂಗಸರ ಹೆಸರುಗಳಿಗೆ ಅದರಲ್ಲಿ ಕಾಲಂ ಇಲ್ಲ.